‘ಆದಷ್ಟು ಬೇಗ’ ಅಂದರೆ ಎಷ್ಟು ಬೇಗ? ಕಾನೂನನ್ನು ಅಕ್ಷರಕ್ಕೆ ಅಕ್ಷರ ಓದುವ ಜಗಳ

2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ವಿಧಾನಸಭೆ ಒಪ್ಪಿ ಕಳಿಸಿದ ಮಸೂದೆಯ ಮೇಲೆ ರಾಜ್ಯಪಾಲರು ಇಂತಿಷ್ಟು ತಿಂಗಳೊಳಗೆ ತೀರ್ಮಾನ ಮಾಡಬೇಕು ಎಂದಿತು. ಅದೇ ವರ್ಷ ನವೆಂಬರ್ 20ರಂದು ಅದೇ ಕೋರ್ಟಿನ ಐವರ ಸಂವಿಧಾನ ಪೀಠ, ಹಾಗೆ ಗಡುವು ಹಾಕಲು ಕೋರ್ಟಿಗೆ ಬರುವುದಿಲ್ಲ ಎಂದಿತು. ನಡುವಿನ ಏಳು ತಿಂಗಳಲ್ಲಿ ಸಂವಿಧಾನದ 200ನೇ ವಿಧಿಯ ಒಂದು ಕೊಂಬು, ಒಂದು ದೀರ್ಘ ಕೂಡ ಬದಲಾಗಿರಲಿಲ್ಲ.

ಒಂದೇ ವಾಕ್ಯ, ಒಂದೇ ಕೋರ್ಟು, ಎರಡು ಉತ್ತರ. ಸುದ್ದಿ ಓದಿದವರಿಗೆ ತಲೆ ಕೆಟ್ಟರೆ ಅದು ಅವರ ತಪ್ಪಲ್ಲ. ಕೇಂದ್ರ ಮತ್ತು ರಾಜ್ಯಗಳ ರಾಜಕೀಯ ಇದರಲ್ಲಿದೆ, ನಿಜ. ಆದರೆ ರಾಜಕೀಯವನ್ನು ಪಕ್ಕಕ್ಕಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ಬರೆದ ಮಾತನ್ನು ಬರೆದಷ್ಟೇ ಓದಬೇಕೋ, ಯಾತಕ್ಕೆ ಬರೆದರು ಅಂತ ನೋಡಿ ಓದಬೇಕೋ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ‘ನಾವು ಬರೆದದ್ದನ್ನಷ್ಟೇ ಓದುತ್ತೇವೆ’ ಎನ್ನುವವರು ಕೂಡ ಯಾವ ಪದವನ್ನು ಬಿಗಿಯಾಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬೇಕು ಎಂದು ಆಯ್ಕೆ ಮಾಡುತ್ತಲೇ ಇರುತ್ತಾರೆ. ಆ ಆಯ್ಕೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಯ್ಕೆ ಮಾಡಿದ್ದೀರಿ, ಕಾರಣ ಹೇಳಿ ಎಂದು ಕೇಳಬೇಕು, ಅಷ್ಟೇ. ನವೆಂಬರ್ ಅಭಿಪ್ರಾಯವನ್ನು ನಿಧಾನವಾಗಿ ಓದಿದರೆ ಇದು ಚೆನ್ನಾಗಿ ಕಾಣುತ್ತದೆ.

ವಿಧಿಯಲ್ಲಿ ಇರುವುದೇನು

200ನೇ ವಿಧಿ ಚಿಕ್ಕದು. ಮಸೂದೆ ಬಂದಾಗ ರಾಜ್ಯಪಾಲರು ಮೂರರಲ್ಲಿ ಒಂದನ್ನು ಘೋಷಿಸಬೇಕು ಎನ್ನುತ್ತದೆ ಅದರ ಮೊದಲ ಭಾಗ: ಒಪ್ಪಿಗೆ ಕೊಟ್ಟೆ, ಅಥವಾ ಒಪ್ಪಿಗೆ ತಡೆಹಿಡಿದೆ, ಅಥವಾ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿದೆ. ಇದಕ್ಕೆ ಎಷ್ಟು ದಿನ ಎಂಬ ಮಾತೇ ಈ ಭಾಗದಲ್ಲಿಲ್ಲ.

ಆಮೇಲೆ ಒಂದು ಷರತ್ತು ಬರುತ್ತದೆ. ಅದು ಹಣಕಾಸು ಮಸೂದೆ ಅಲ್ಲದಿದ್ದರೆ, ಮತ್ತೊಮ್ಮೆ ಯೋಚಿಸಿ ಎಂಬ ಸಂದೇಶದ ಜೊತೆ ರಾಜ್ಯಪಾಲರು ಮಸೂದೆಯನ್ನು ‘ಆದಷ್ಟು ಬೇಗ’ ಸದನಕ್ಕೆ ವಾಪಸ್ ಕಳಿಸಬಹುದು. ಸದನ ಅದನ್ನು ತಿದ್ದುಪಡಿಯೊಂದಿಗೋ, ತಿದ್ದುಪಡಿ ಇಲ್ಲದೆಯೋ ಮತ್ತೆ ಒಪ್ಪಿ ಕಳಿಸಿದರೆ ರಾಜ್ಯಪಾಲರು ಒಪ್ಪಿಗೆ ತಡೆಹಿಡಿಯುವಂತಿಲ್ಲ.

ಇಡೀ ಜಗಳಕ್ಕೆ ಬೇಕಾದ ಮಾತುಗಳೆಲ್ಲ ಇಷ್ಟೇ. ಈಗ ಇದನ್ನು ಅಕ್ಷರಕ್ಕೆ ಅಕ್ಷರ ಓದಿ ನೋಡಿ. ‘ಆದಷ್ಟು ಬೇಗ’ ಇರುವುದು ವಾಪಸ್ ಕಳಿಸುವ ಷರತ್ತಿನಲ್ಲಿ ಮಾತ್ರ. ಹಾಗಾದರೆ ವಾಪಸ್ ಕಳಿಸುವುದಾದರೆ ಬೇಗ ಕಳಿಸಬೇಕು, ಸುಮ್ನೆ ಇಟ್ಟುಕೊಂಡು ಕೂರುವುದಾದರೆ ಅವಸರವಿಲ್ಲ ಎಂದಾಯಿತು. ಯಾರೂ ಇಂಥ ನಿಯಮವನ್ನು ಬೇಕೆಂದು ಬರೆಯುವುದಿಲ್ಲ, ಅಲ್ವಾ? ಆದರೂ ಬರಿಯ ಅಕ್ಷರ ಹಿಡಿದರೆ ಸಿಗುವ ಅರ್ಥ ಅದೇ.

ತಮಿಳುನಾಡಿನ ಹತ್ತು ಮಸೂದೆಗಳು

ಜಗಳ ಕೋರ್ಟಿಗೆ ಬಂದದ್ದು ತಮಿಳುನಾಡಿನಿಂದ. 2020ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ ಅಲ್ಲಿನ ವಿಧಾನಸಭೆ ಒಪ್ಪಿದ 12 ಮಸೂದೆಗಳು ರಾಜಭವನ ಸೇರಿದ್ದವು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2023ರ ನವೆಂಬರ್ 13ರಂದು ರಾಜ್ಯಪಾಲರು ಹತ್ತಕ್ಕೆ ಒಪ್ಪಿಗೆ ತಡೆಹಿಡಿದರು. ನವೆಂಬರ್ 18ರಂದು ವಿಶೇಷ ಅಧಿವೇಶನದಲ್ಲಿ ಸದನ ಅವುಗಳನ್ನು ಮತ್ತೆ ಒಪ್ಪಿತು. ಇನ್ನು ತಡೆಹಿಡಿಯುವಂತಿಲ್ಲ ಎಂಬ ಷರತ್ತು ಈಗ ಅನ್ವಯವಾಗಬೇಕಿತ್ತು. ಆದರೆ ನವೆಂಬರ್ 28ರಂದು ಹತ್ತೂ ಮಸೂದೆಗಳು ರಾಷ್ಟ್ರಪತಿಯವರ ಬಳಿಗೆ ಹೋದವು.

ಇಲ್ಲಿ ನಡೆದದ್ದನ್ನು ಗಮನಿಸಿ. ಎರಡನೇ ಸಲ ‘ತಡೆಹಿಡಿಯುವಂತಿಲ್ಲ’ ಎಂದಿದೆ. ‘ಕಾಯ್ದಿರಿಸುವಂತಿಲ್ಲ’ ಎಂದು ಬರೆದಿಲ್ಲ. ಪದ ಹಿಡಿದು ನೋಡಿದರೆ ದಾರಿ ತೆರೆದೇ ಇದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವುದು ಅಂತ ಹೇಳುವುದು ಇದಕ್ಕೇ. ಚುನಾಯಿತ ಸದನ ಎರಡು ಸಲ ಹೇಳಿದ ಮಾತಿಗೆ ಬೆಲೆ ಇರಲಿ ಎಂಬ ಕಾರಣಕ್ಕೆ ಬರೆದ ಷರತ್ತು, ಒಂದು ಪದದ ಸಂದಿಯಲ್ಲಿ ಸೋರಿಹೋಗಬಹುದು.

ಏಪ್ರಿಲ್ ತೀರ್ಪು ಇದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಗಡುವುಗಳನ್ನೂ ಹಾಕಿತು. ಸಂಪುಟದ ಸಲಹೆಯಂತೆ ತಡೆಹಿಡಿಯುವುದಾದರೆ ಅಥವಾ ಕಾಯ್ದಿರಿಸುವುದಾದರೆ ಒಂದು ತಿಂಗಳು, ಸಲಹೆಗೆ ವಿರುದ್ಧ ಹೋಗುವುದಾದರೆ ಮೂರು ತಿಂಗಳು, ಸದನ ಮತ್ತೆ ಒಪ್ಪಿ ಕಳಿಸಿದ್ದಕ್ಕೆ ಒಂದು ತಿಂಗಳು. ರಾಷ್ಟ್ರಪತಿಯವರಿಗೂ ಮೂರು ತಿಂಗಳು. ಅಷ್ಟಕ್ಕೇ ನಿಲ್ಲದೆ, ಪೂರ್ಣ ನ್ಯಾಯ ಒದಗಿಸಲು ಕೋರ್ಟಿಗೆ ಇರುವ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಆ ಹತ್ತು ಮಸೂದೆಗಳಿಗೆ ಒಪ್ಪಿಗೆ ಸಿಕ್ಕಿದೆ ಎಂದೇ ಭಾವಿಸತಕ್ಕದ್ದು ಎಂದಿತು.

ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ. ಬರೆದದ್ದನ್ನು ಬರೆದಷ್ಟೇ ಓದಿದರೆ ಆ ನಾಳೆ ಯಾವತ್ತೂ ಬರುವುದಿಲ್ಲ. ಕಾಲ ಸೂಚಿಸುವ, ಆದರೆ ಸಂಖ್ಯೆ ಇಲ್ಲದ ಪದಗಳ ಕಷ್ಟ ಇದೇ. ‘ಆದಷ್ಟು ಬೇಗ’ಕ್ಕೆ ಹೊರಗಿನಿಂದ ಯಾರೂ ಅಳತೆ ಕೊಡಬಾರದು ಎಂದರೆ, ಅಳತೆ ಕೊಡುವವರು ಯಾರ ಕೈಯಲ್ಲಿ ಮಸೂದೆ ಇದೆಯೋ ಅವರೇ ಆಗುತ್ತಾರೆ. ಏಪ್ರಿಲ್ ಪೀಠ ಸಂಖ್ಯೆ ಹಾಕಿದ್ದಕ್ಕೆ ಕಾರಣ ಇದು.

ನವೆಂಬರ್ ಅಭಿಪ್ರಾಯದ ಎರಡು ಮುಖ

ತೀರ್ಪು ಬಂದ ಮೇಲೆ, 2025ರ ಮೇ ತಿಂಗಳಲ್ಲಿ, ರಾಷ್ಟ್ರಪತಿಯವರು, ಕೋರ್ಟಿನ ಅಭಿಪ್ರಾಯ ಕೇಳಲು ಅವಕಾಶ ಕೊಡುವ 143ನೇ ವಿಧಿಯಡಿ, ಸುಪ್ರೀಂ ಕೋರ್ಟಿಗೆ 14 ಪ್ರಶ್ನೆ ಕಳಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಐವರ ಪೀಠ ಉತ್ತರ ಕೊಟ್ಟಿತು. ಸಂವಿಧಾನದಲ್ಲಿ ಸಂಖ್ಯೆ ಇಲ್ಲ, ಆದ್ದರಿಂದ ಕೋರ್ಟು ಸಂಖ್ಯೆ ಹಾಕುವಂತಿಲ್ಲ. ‘ಒಪ್ಪಿಗೆ ಸಿಕ್ಕಿದೆ ಎಂದು ಭಾವಿಸುವುದು’ ಎಂಬ ಏರ್ಪಾಡೂ ಸಂವಿಧಾನದಲ್ಲಿಲ್ಲ. ಹಾಗಂತ ಕಾರಣ ಹೇಳದೆ ಅನಿರ್ದಿಷ್ಟ ಕಾಲ ಸುಮ್ಮನಿದ್ದರೆ, ಒಂದು ತೀರ್ಮಾನ ತೆಗೆದುಕೊಳ್ಳಿ ಎಂದಷ್ಟೇ ಕೋರ್ಟು ಹೇಳಬಹುದು. ಯಾವ ತೀರ್ಮಾನ ಎಂದು ಹೇಳುವಂತಿಲ್ಲ.

ಇಷ್ಟನ್ನೇ ಓದಿದವರು ‘ಕೋರ್ಟು ಅಕ್ಷರಕ್ಕೆ ನಿಂತಿತು’ ಎಂದರು. ಅದು ಅರ್ಧ ಕಥೆ ಮಾತ್ರ.

ಅದೇ ಅಭಿಪ್ರಾಯದಲ್ಲಿ ಇನ್ನೊಂದು ಮಾತಿದೆ. ರಾಜ್ಯಪಾಲರು ಮಸೂದೆಗೆ ಒಪ್ಪಿಗೆ ತಡೆಹಿಡಿದು ಸುಮ್ಮನೆ ಕೊಂದುಹಾಕುವಂತಿಲ್ಲ. ತಡೆಹಿಡಿದರೆ ಸದನಕ್ಕೆ ವಾಪಸ್ ಕಳಿಸಲೇಬೇಕು. 2023ರ ಪಂಜಾಬ್ ತೀರ್ಪಿನಲ್ಲೂ ಕೋರ್ಟು ಹೀಗೇ ಹೇಳಿತ್ತು. ಒಳ್ಳೆಯ ಮಾತು. ಆದರೆ ವಿಧಿಯನ್ನು ಮತ್ತೆ ಓದಿ. ‘ಒಪ್ಪಿಗೆ ತಡೆಹಿಡಿದೆ ಎಂದು ಘೋಷಿಸಬೇಕು’ ಎಂಬುದು ಮೊದಲ ಭಾಗದಲ್ಲಿ ಸ್ವತಂತ್ರವಾಗಿ ನಿಂತಿದೆ. ‘ತಡೆಹಿಡಿದರೆ ವಾಪಸ್ ಕಳಿಸಲೇಬೇಕು’ ಎಂದು ಎಲ್ಲೂ ಬರೆದಿಲ್ಲ. ಷರತ್ತಿನಲ್ಲಿರುವುದು ‘ಕಳಿಸಬಹುದು’. ಕೇಂದ್ರದ ವಾದವೂ ಇದೇ ಆಗಿತ್ತು: ತಡೆಹಿಡಿಯುವುದು ಬೇರೆ, ವಾಪಸ್ ಕಳಿಸುವುದು ಬೇರೆ.

ಕೋರ್ಟು ಅದನ್ನು ಒಪ್ಪದಿರಲು ಗಟ್ಟಿ ಕಾರಣಗಳಿವೆ. ಹಣಕಾಸು ಮಸೂದೆಯನ್ನೇ ನೋಡಿ. ಅದನ್ನು ವಾಪಸ್ ಕಳಿಸುವ ಸಣ್ಣ ಅಧಿಕಾರವೂ ರಾಜ್ಯಪಾಲರಿಗಿಲ್ಲ. ತಡೆಹಿಡಿಯುವುದು ಸ್ವತಂತ್ರ ಅಧಿಕಾರ ಎಂದುಕೊಂಡರೆ, ವಾಪಸ್ ಕಳಿಸಲು ಬಾರದ ಮಸೂದೆಯನ್ನು ಪೂರ್ತಿ ಸಾಯಿಸಲು ಬರುತ್ತದೆ ಎಂದಾಗುತ್ತದೆ. ಸಣ್ಣದು ಬೇಡ, ದೊಡ್ಡದು ಸರಿ ಅನ್ನುವ ಹಾಗೆ. ಆದ್ದರಿಂದ ಎರಡು ಭಾಗಗಳನ್ನು ಕೂಡಿಸಿ ಓದಲೇಬೇಕು.

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಅಕ್ಷರದ ಓದಲ್ಲ, ಉದ್ದೇಶದ ಓದು. ಒಂದೇ ಅಭಿಪ್ರಾಯದಲ್ಲಿ ಗಡುವಿನ ವಿಷಯಕ್ಕೆ ಅಕ್ಷರ, ತಡೆಹಿಡಿಯುವ ವಿಷಯಕ್ಕೆ ಉದ್ದೇಶ. ಎರಡೂ ಕಡೆ ಸರಿ ಇರಬಹುದು. ಆದರೆ ಗೆರೆ ಎಲ್ಲಿ ಎಳೆದರು, ಯಾಕೆ ಅಲ್ಲೇ ಎಳೆದರು ಎಂಬುದಕ್ಕೆ ಅಕ್ಷರದಲ್ಲಿ ಉತ್ತರ ಸಿಗುವುದಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಪಕ್ಷಾಂತರ ಮಾಡಿದ ಶಾಸಕರ ಅನರ್ಹತೆ ಬಗ್ಗೆ ಸ್ಪೀಕರ್ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂದು ಸಂವಿಧಾನದ ಹತ್ತನೇ ಅನುಸೂಚಿಯಲ್ಲೂ (ಪಕ್ಷಾಂತರ ತಡೆಯುವ ನಿಯಮಗಳಿರುವ ಭಾಗ) ಬರೆದಿಲ್ಲ. ಅಲ್ಲಿ ಮಾತ್ರ ಸುಪ್ರೀಂ ಕೋರ್ಟು 2020ರ ಮಣಿಪುರ ಪ್ರಕರಣದಲ್ಲಿ, ಸಾಮಾನ್ಯವಾಗಿ ಮೂರು ತಿಂಗಳು ಎಂದಿತು. 2025ರ ಜುಲೈ 31ರಂದು ತೆಲಂಗಾಣ ಪ್ರಕರಣದಲ್ಲಿ ಮತ್ತೆ ಮೂರು ತಿಂಗಳು. ಆ ಪೀಠದಲ್ಲಿದ್ದವರೂ ಮುಖ್ಯ ನ್ಯಾಯಮೂರ್ತಿ ಗವಾಯಿ ಅವರೇ. ಸ್ಪೀಕರ್ ಅಲ್ಲಿ ಒಂದು ನ್ಯಾಯಮಂಡಳಿಯಂತೆ ಕೆಲಸ ಮಾಡುತ್ತಾರೆ, ರಾಜ್ಯಪಾಲರ ಪಾತ್ರ ಹಾಗಲ್ಲ ಎಂಬ ವ್ಯತ್ಯಾಸವನ್ನು ಕಾನೂನು ಬಲ್ಲವರು ತೋರಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ಹುದ್ದೆಯ ವ್ಯತ್ಯಾಸ. ಪಠ್ಯದ ಮೌನ ಎರಡೂ ಕಡೆ ಒಂದೇ.

ಅಳಿಸಿದ ಎರಡು ಮಾತುಗಳು

ಬರೆದವರ ಮನಸ್ಸಿನಲ್ಲಿ ಏನಿತ್ತು ಅಂತ ಹಳೆಯ ಕರಡು ನೋಡಿದರೆ ಗೊತ್ತಾಗುತ್ತದಲ್ಲ ಎನ್ನಬಹುದು. ನೋಡೋಣ. ಸಂವಿಧಾನದ 1948ರ ಕರಡಿನಲ್ಲಿ, ರಾಷ್ಟ್ರಪತಿಯವರು ಮಸೂದೆ ವಾಪಸ್ ಕಳಿಸುವ ವಿಧಿಯಲ್ಲಿ ‘ಆರು ವಾರ ಮೀರದಂತೆ’ ಎಂದಿತ್ತು. ಡಾ. ಅಂಬೇಡ್ಕರ್ ಅವರೇ ತಿದ್ದುಪಡಿ ತಂದು ಅಲ್ಲಿ ‘ಆದಷ್ಟು ಬೇಗ’ ಎಂದು ಹಾಕಿಸಿದರು. ಹೀಗೆ ಮಾಡಿದರೆ ಅರ್ಥ ಜಾರಿಹೋಗುತ್ತದೆ ಎಂದು ಸದಸ್ಯ ಎಚ್.ವಿ. ಕಾಮತ್ ಸಂವಿಧಾನ ರಚನಾ ಸಭೆಯಲ್ಲಿ ಆಕ್ಷೇಪ ಎತ್ತಿದ್ದರು. ಗಡುವು ಬೇಡ ಎನ್ನುವವರಿಗೆ ಇದು ದೊಡ್ಡ ಆಧಾರ: ಸಂಖ್ಯೆ ಇತ್ತು, ಬೇಕೆಂದೇ ತೆಗೆದರು. ಜೊತೆಗೆ 201ನೇ ವಿಧಿಯಲ್ಲಿ ರಾಷ್ಟ್ರಪತಿಯವರು ವಾಪಸ್ ಕಳಿಸಿದ ಮಸೂದೆಯನ್ನು ಸದನ ಆರು ತಿಂಗಳಲ್ಲಿ ಮರುಪರಿಶೀಲಿಸಬೇಕು ಎಂದು ಸಂಖ್ಯೆ ಬರೆದೇ ಇದ್ದಾರೆ. ಬೇಕಾದ ಕಡೆ ಬರೆಯಲು ಅವರಿಗೆ ಗೊತ್ತಿತ್ತು.

ಆದರೆ ಅಳಿಸಿದ ಮಾತು ಇನ್ನೊಂದಿದೆ. ರಾಜ್ಯಪಾಲರ ಕರಡು ವಿಧಿಯ ಷರತ್ತಿನಲ್ಲಿ ‘ತಮ್ಮ ವಿವೇಚನೆಯಂತೆ’ ವಾಪಸ್ ಕಳಿಸಬಹುದು ಎಂದಿತ್ತು. ಆ ‘ವಿವೇಚನೆ’ಯನ್ನೂ ತೆಗೆದುಹಾಕಲಾಯಿತು. ಅಂದರೆ ಸಂಪುಟದ ಸಲಹೆ ಮೀರಿ ಸ್ವಂತ ನಿರ್ಧಾರ ಬೇಡ ಎಂದೇ ತೆಗೆದರು ಎಂದು ಏಪ್ರಿಲ್ ಪೀಠ ಓದಿತು. ನವೆಂಬರ್ ಪೀಠ ಹಾಗೆ ಓದಲಿಲ್ಲ. 200ನೇ ವಿಧಿಯಲ್ಲಿ ರಾಜ್ಯಪಾಲರಿಗೆ ವಿವೇಚನೆ ಇದೆ ಎಂದಿತು. ಹೈಕೋರ್ಟುಗಳ ಅಧಿಕಾರ ಕುಗ್ಗಿಸುವ ಮಸೂದೆಗಳ ಕುರಿತ ಎರಡನೇ ಷರತ್ತಿನಲ್ಲಿ ‘ರಾಜ್ಯಪಾಲರ ಅಭಿಪ್ರಾಯದಲ್ಲಿ’ ಎಂಬ ಮಾತಿರುವುದು ಈ ಓದಿಗೆ ಒಂದು ಆಸರೆ.

ಹೀಗೆ, ಅಳಿಸಿದ ಸಂಖ್ಯೆಯ ಕಡೆ ಬೆರಳು ತೋರಿಸುವವರು ಒಂದು ಗುಂಪು. ಅಳಿಸಿದ ವಿವೇಚನೆಯ ಕಡೆ ಬೆರಳು ತೋರಿಸುವವರು ಇನ್ನೊಂದು ಗುಂಪು. ಎರಡೂ ಗುಂಪು ಹೇಳುವುದು ಒಂದೇ ಮಾತು: ‘ಬರೆದವರೇ ತೆಗೆದಿದ್ದಾರೆ ನೋಡಿ.’

ಅಕ್ಷರ ಹಿಡಿಯುವವರ ಮಾತಿನಲ್ಲಿ ಹುರುಳಿದೆ

ಅಕ್ಷರಶಃ ಓದಬೇಕು ಎನ್ನುವವರನ್ನು ಮೂಢರು ಎಂದು ತಳ್ಳಿಹಾಕುವುದು ಸುಲಭ. 1868ರ ಇಂಗ್ಲೆಂಡಿನ ಒಂದು ಪ್ರಕರಣವನ್ನು ಅದಕ್ಕೆ ಎಲ್ಲರೂ ಉದಾಹರಿಸುತ್ತಾರೆ. ಒಬ್ಬ ಸತ್ತವನ ಹೆಸರಲ್ಲಿ ಮತ ಹಾಕಿದ್ದ. ‘ಮತದಾನದ ಹಕ್ಕುಳ್ಳ ವ್ಯಕ್ತಿ’ಯ ಸೋಗು ಹಾಕುವುದು ಅಪರಾಧ ಎಂದಿತ್ತು ಕಾನೂನು. ಸತ್ತವನಿಗೆ ಮತದಾನದ ಹಕ್ಕಿಲ್ಲ, ಆದ್ದರಿಂದ ಅಪರಾಧವೂ ಇಲ್ಲ ಎಂದು ಆತನನ್ನು ಬಿಟ್ಟರು. ಓದಿದರೆ ಸಿಟ್ಟು ಬರುತ್ತದೆ.

ಆದರೆ ಸ್ವಲ್ಪ ತಿರುಗಿಸಿ ನೋಡಿ. ಕಾನೂನಿನಲ್ಲಿ ಬರೆಯದ ತಪ್ಪಿಗೆ ನಿಮ್ಮನ್ನು ಜೈಲಿಗೆ ಹಾಕಿದರೆ? ‘ಬರೆದಿಲ್ಲ ನಿಜ, ಆದರೆ ಕಾನೂನಿನ ಉದ್ದೇಶ ಇದೇ ಇತ್ತು’ ಎಂದು ನ್ಯಾಯಾಧೀಶರು ಹೇಳಿದರೆ? ಯಾವುದು ತಪ್ಪು ಎಂದು ಮುಂಚೆಯೇ ಓದಿ ತಿಳಿದುಕೊಳ್ಳುವ ದಾರಿ ಜನರಿಗೆ ಬೇಕು. ಉದ್ದೇಶ ಎಂಬುದು ಓದುವವರ ಕಣ್ಣಿಗೆ ತಕ್ಕ ಹಾಗೆ ಹಿಗ್ಗುತ್ತದೆ. ಅಕ್ಷರ ಅಷ್ಟು ಹಿಗ್ಗುವುದಿಲ್ಲ. ಬಡವನಿಗೂ ಬಲಾಢ್ಯನಿಗೂ ಒಂದೇ ಪುಟ ತೋರಿಸಬಹುದು.

ಇನ್ನೂ ಒಂದು ಆತಂಕವಿದೆ, ನ್ಯಾಯಾಂಗದ ಬಗ್ಗೆಯೇ. ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ನೇಮಿಸುವಾಗ ರಾಷ್ಟ್ರಪತಿಯವರು ನ್ಯಾಯಮೂರ್ತಿಗಳೊಂದಿಗೆ ‘ಸಮಾಲೋಚಿಸಿ’ ನೇಮಿಸಬೇಕು ಎನ್ನುತ್ತದೆ 124ನೇ ವಿಧಿ. 1981ರಲ್ಲಿ ಕೋರ್ಟು ಸಮಾಲೋಚನೆ ಎಂದರೆ ಸಮಾಲೋಚನೆ, ಸಮ್ಮತಿ ಅಲ್ಲ ಎಂದಿತು. 1993ರಲ್ಲಿ ಒಂಬತ್ತು ಮಂದಿಯ ಪೀಠ, ನ್ಯಾಯಾಂಗದ ಮಾತೇ ಮೇಲು ಎಂದಿತು. ಅದರಿಂದ ಹುಟ್ಟಿದ್ದು ಕೊಲಿಜಿಯಂ, ಅಂದರೆ ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ. ಆ ಪದ ಸಂವಿಧಾನದಲ್ಲಿ ಹುಡುಕಿದರೂ ಸಿಗುವುದಿಲ್ಲ. ನೇಮಕಾತಿ ವಿಧಾನ ಬದಲಿಸಲು ಸಂಸತ್ತು ತಂದ 99ನೇ ತಿದ್ದುಪಡಿಯನ್ನು 2015ರಲ್ಲಿ ಕೋರ್ಟು ರದ್ದು ಮಾಡಿತು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಇದು ಬೇಕಿತ್ತು ಎನ್ನುವವರಿದ್ದಾರೆ. ಆದರೆ ‘ಸಮಾಲೋಚನೆ’ ಅಷ್ಟು ದೂರ ಹೋಗಬಹುದಾದರೆ ಯಾವ ಪದಕ್ಕೆ ಬೇಲಿ ಇದೆ ಎಂಬ ಪ್ರಶ್ನೆಗೆ ಇವತ್ತಿಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಎದುರು ಕಡೆಯ ಅನುಭವವೂ ನಮ್ಮದೇ. 21ನೇ ವಿಧಿಯಲ್ಲಿ ‘ಕಾನೂನು ವಿಧಿಸಿದ ಕ್ರಮದಂತೆ’ ಅಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂದಿದೆ. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಕೋರ್ಟು ಇದನ್ನು ಬರೆದಷ್ಟೇ ಓದಿತು. ಶಾಸಕಾಂಗ ಒಂದು ಕಾನೂನು ಮಾಡಿದ್ದರೆ ಸಾಕು, ಆ ಕ್ರಮ ನ್ಯಾಯವೋ ಅನ್ಯಾಯವೋ ಎಂದು ಕೇಳುವಂತಿಲ್ಲ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಆ ಓದನ್ನು ಬಿಟ್ಟು, ಕ್ರಮ ನ್ಯಾಯಯುತವಾಗಿರಬೇಕು, ಮನಬಂದಂತೆ ಇರಕೂಡದು ಎಂದಿತು. ಇವತ್ತು ನಾವು ಉಸಿರಾಡುವಷ್ಟು ಸಹಜವಾಗಿ ಹೇಳುವ ಎಷ್ಟೋ ಹಕ್ಕುಗಳು ಆ ಓದಿನಿಂದ ಬಂದವು. ಅದನ್ನು ಬಿಟ್ಟುಕೊಡಲು ನಾನಂತೂ ಸಿದ್ಧನಿಲ್ಲ.

‘ಚರ್ಮ’ ಎಂಬ ಪದ ಎಲ್ಲಿಂದ ಬಂತು?

ಅಕ್ಷರದ ಓದು ಎಂದು ಹೆಸರಾದದ್ದು ಕೆಲವೊಮ್ಮೆ ಅಕ್ಷರದ ಓದೇ ಆಗಿರುವುದಿಲ್ಲ. ಇದಕ್ಕೆ ನನಗೆ ತುಂಬ ನೋವು ತರುವ ಉದಾಹರಣೆ 2021ರದು.

12 ವರ್ಷದ ಬಾಲಕಿಯ ಎದೆಯನ್ನು ಬಟ್ಟೆಯ ಮೇಲಿಂದ ಅದುಮಿದ ಪ್ರಕರಣ. ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಚರ್ಮಕ್ಕೆ ಚರ್ಮ ತಾಗಿಲ್ಲ, ಆದ್ದರಿಂದ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಲೈಂಗಿಕ ದೌರ್ಜನ್ಯ ಆಗುವುದಿಲ್ಲ ಎಂದಿತು. ಹಗುರವಾದ ಇನ್ನೊಂದು ಕಲಮಿನಡಿ ಶಿಕ್ಷೆ ಉಳಿಸಿತು. ಪೋಕ್ಸೊ ಅಡಿ ಕನಿಷ್ಠ ಮೂರು ವರ್ಷ, ಆ ಇನ್ನೊಂದು ಕಲಮಿನಡಿ ಕನಿಷ್ಠ ಒಂದು ವರ್ಷ. ಶಿಕ್ಷೆ ಕಠಿಣವಾಗಿದ್ದಾಗ ಕಾನೂನನ್ನು ಬಿಗಿಯಾಗಿ ಓದಬೇಕು ಎಂಬುದು ತೀರ್ಪಿನ ತರ್ಕ. ಆ ತತ್ವ ತಪ್ಪಲ್ಲ, ಮೇಲೆ ನಾವೇ ಅದನ್ನು ಒಪ್ಪಿದ್ದೇವೆ.

ಆದರೆ ಕಾಯ್ದೆಯ 7ನೇ ಸೆಕ್ಷನ್ ತೆಗೆದು ನೋಡಿ. ‘ಮುಟ್ಟುವುದು’ ಎಂದಿದೆ. ‘ದೈಹಿಕ ಸಂಪರ್ಕ’ ಎಂದಿದೆ. ‘ಲೈಂಗಿಕ ಉದ್ದೇಶದಿಂದ’ ಎಂದಿದೆ. ‘ಚರ್ಮ’ ಎಂಬ ಪದ ಅಲ್ಲಿ ಇಲ್ಲವೇ ಇಲ್ಲ. ಅದನ್ನು ಓದಿದವರು ಸೇರಿಸಿದರು. ಬಟ್ಟೆ ಹಾಕಿಕೊಂಡವರ ಭುಜ ಮುಟ್ಟಿದರೆ ‘ಮುಟ್ಟಿದ’ ಎಂದೇ ಹೇಳುತ್ತೇವೆ ತಾನೆ? ‘ಅಂಗಿ ಮುಟ್ಟಿದ’ ಎನ್ನುವುದಿಲ್ಲ. ಅಕ್ಷರಕ್ಕೆ ನಿಷ್ಠರಾಗಿದ್ದರೂ ಸಾಕಿತ್ತು, ಆ ಮಗುವಿಗೆ ನ್ಯಾಯ ಸಿಗುತ್ತಿತ್ತು.

ಕೇಂದ್ರ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಹೋದರು. ಹೀಗೆ ಓದಿದರೆ ಕೈಗವಸು ಹಾಕಿಕೊಂಡು ಮಗುವನ್ನು ಮುಟ್ಟಿದವನೂ ತಪ್ಪಿಸಿಕೊಳ್ಳುತ್ತಾನೆ ಎಂದು ವಾದಿಸಿದರು. ನವೆಂಬರ್ 18ರಂದು ಮೂವರ ಪೀಠ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿತು. ಮುಖ್ಯವಾದದ್ದು ಚರ್ಮವಲ್ಲ, ಲೈಂಗಿಕ ಉದ್ದೇಶ ಎಂದಿತು.

ಹೀಗೇ ಒಂದು ಪದದ ಅರ್ಥ ಎಲ್ಲಿಂದ ತರಬೇಕು ಎಂಬುದೂ ಆಯ್ಕೆಯೇ. 1961ರಲ್ಲಿ ವೀಳ್ಯದೆಲೆ ವ್ಯಾಪಾರಿಯೊಬ್ಬರು, ವೀಳ್ಯದೆಲೆಯೂ ಸಸ್ಯವೇ, ಆದ್ದರಿಂದ ‘ತರಕಾರಿ’ಗೆ ಇರುವ ಮಾರಾಟ ತೆರಿಗೆ ವಿನಾಯಿತಿ ತಮಗೂ ಬೇಕು ಎಂದು ವಾದಿಸಿದರು. ಸಸ್ಯಶಾಸ್ತ್ರದ ಅರ್ಥ ಬೇಡ, ಮಾತಾಡುವವರ ಅರ್ಥ ಸಾಕು ಎಂದಿತು ಸುಪ್ರೀಂ ಕೋರ್ಟು. ಇನ್ನೊಂದು ಕಾರಣವನ್ನೂ ನೋಡಿತು. ಅದೇ ಪಟ್ಟಿಯಲ್ಲಿ ಹಿಂದೆ ವೀಳ್ಯದೆಲೆಗೆ ಬೇರೆ ಸಾಲೇ ಇತ್ತು, ಆಮೇಲೆ ಅದನ್ನು ತೆಗೆದಿದ್ದರು. ‘ತರಕಾರಿ’ ಎಂಬ ಒಂದೇ ಪದ ನೋಡಿದ್ದರೆ ಇದು ಕಾಣುತ್ತಿರಲಿಲ್ಲ. ಪಟ್ಟಿ ಪೂರ್ತಿ ನೋಡಿದ್ದಕ್ಕೆ ಕಂಡಿತು.

ಗೊಂದಲದ ಭಾರ ಯಾರ ತಲೆ ಮೇಲೆ

ಹಾಗಾದರೆ ಯಾವಾಗ ಅಕ್ಷರ, ಯಾವಾಗ ಉದ್ದೇಶ? ಕೋರ್ಟುಗಳ ಬಳಿ ಇದಕ್ಕೆ ಕೆಲವು ಹಳೆಯ ಅಳತೆಗೋಲುಗಳಿವೆ. ಅವೆಲ್ಲ ನಿಜವಾಗಿ ಕೇಳುವುದು ಒಂದೇ ಪ್ರಶ್ನೆ: ಮಾತು ಸ್ಪಷ್ಟವಿಲ್ಲದಿದ್ದರೆ ನಷ್ಟ ಯಾರು ಹೊರಬೇಕು?

ಕ್ರಿಮಿನಲ್ ಕಾನೂನಿನಲ್ಲಿ ಎರಡರ್ಥ ಬಂದರೆ ಲಾಭ ಆರೋಪಿಗೆ. ಶಿಕ್ಷಿಸುವ ಬಲ ಸರ್ಕಾರದ್ದು, ಸರಿಯಾಗಿ ಬರೆಯುವ ಹೊಣೆಯೂ ಅದರದ್ದೇ. ವಿಮಾ ಪಾಲಿಸಿಯಲ್ಲಿ ಎರಡರ್ಥ ಬಂದರೆ ಲಾಭ ಗ್ರಾಹಕನಿಗೆ, ಯಾಕೆಂದರೆ ಬರೆದದ್ದು ಕಂಪನಿ. ತೆರಿಗೆಯಲ್ಲಿ ಸ್ವಲ್ಪ ಬೇರೆ. ತೆರಿಗೆ ಹಾಕುವ ಕಲಮು ಗೊಂದಲವಾಗಿದ್ದರೆ ಲಾಭ ತೆರಿಗೆದಾರನಿಗೆ. ವಿನಾಯಿತಿ ಕೊಡುವ ಅಧಿಸೂಚನೆ ಗೊಂದಲವಾಗಿದ್ದರೆ ಲಾಭ ಸರ್ಕಾರಕ್ಕೆ ಎಂದು 2018ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ. ಕೆಲವು ಕಡೆ ಕಾನೂನೇ ‘ಅಕ್ಷರಶಃ ಓದಬೇಡಿ’ ಎನ್ನುತ್ತದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ ಕಾನೂನಿನಲ್ಲಿ ‘ಅವನು’ ಎಂದಿದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ‘ಅವಳು’ ಕೂಡ ಅದರಲ್ಲಿ ಸೇರುತ್ತಾಳೆ.

ಸಂವಿಧಾನದ ಎರಡು ಹುದ್ದೆಗಳ ನಡುವೆ ಗೊಂದಲ ಬಂದರೆ ಇಂಥ ಇತ್ಯರ್ಥವಾದ ನಿಯಮ ಇಲ್ಲ. ಅದಕ್ಕೇ ಜಗಳ ಇಷ್ಟು ಜೋರಾಗಿದೆ. ನನ್ನ ಮಟ್ಟಿಗೆ ಮೇಲಿನ ನಿಯಮಗಳಲ್ಲೇ ಒಂದು ಸುಳಿವಿದೆ. ಅಸ್ಪಷ್ಟತೆಯಿಂದ ಯಾರ ಕೈಗೆ ಬಲ ಬರುತ್ತದೋ ಅವರಿಗೇ ಅದರ ಲಾಭವನ್ನೂ ಕೊಡಬಾರದು ಎಂಬ ಎಚ್ಚರ ಬಹುತೇಕ ಎಲ್ಲ ಕಡೆ ಇದೆ. ‘ಆದಷ್ಟು ಬೇಗ’ದ ವಿಷಯದಲ್ಲಿ ಲಾಭ ಕಡತ ಕೈಯಲ್ಲಿಟ್ಟುಕೊಂಡವರಿಗೇ ಹೋಗಿದೆ. ಏಪ್ರಿಲ್ ಪೀಠ ತಾನೇ ಅಂಕಿ ಹಾಕಿದ್ದು, ಒಪ್ಪಿಗೆ ಸಿಕ್ಕಿದೆ ಎಂದು ತಾನೇ ಸಾರಿದ್ದು ಜಾಸ್ತಿ ಆಯಿತು ಎಂಬ ಟೀಕೆಯನ್ನು ನಾನು ಒಪ್ಪಬಲ್ಲೆ. ಆದರೆ ಕಾಯುವವರಿಗೆ ಏನೂ ಅಳತೆ ಕೊಡದೆ ಬಿಟ್ಟದ್ದನ್ನು ಒಪ್ಪುವುದು ಕಷ್ಟ.

ಮುಂದೇನಾಗಬಹುದು

ಮೊದಲನೆಯದಾಗಿ, ಜಗಳ ಮುಗಿದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿದೆ. ‘ದೀರ್ಘವಾದ, ಕಾರಣವಿಲ್ಲದ, ಅನಿರ್ದಿಷ್ಟ’ ವಿಳಂಬವಾದರೆ ಕೋರ್ಟು ಮಧ್ಯೆ ಬರಬಹುದು ಎಂದಾಗಿದೆ. ಈಗ ‘ದೀರ್ಘ’ ಎಂದರೆ ಎಷ್ಟು ಎಂಬ ಪ್ರಶ್ನೆ ಹುಟ್ಟುತ್ತದೆ. ಇದಕ್ಕೂ ಸಂಖ್ಯೆ ಇಲ್ಲ. ಪ್ರತಿ ರಾಜ್ಯವೂ ತನ್ನ ತನ್ನ ಮಸೂದೆ ಹಿಡಿದುಕೊಂಡು ಕೋರ್ಟಿಗೆ ಹೋಗಬೇಕಾದೀತು.

ಎರಡನೆಯದಾಗಿ, ಗಡುವು ಬೇಕೆಂದರೆ ಸಂಸತ್ತೇ ಸಂವಿಧಾನಕ್ಕೆ ತಿದ್ದುಪಡಿ ತರಲಿ ಎಂಬ ಮಾತು ಬಲವಾಗುತ್ತದೆ. ಸರಿಯಾದ ದಾರಿ ಅದೇ ಎಂದು ಅಕ್ಷರ ಹಿಡಿಯುವವರು ಹೇಳುತ್ತಾರೆ. ತತ್ವದಲ್ಲಿ ಅದು ಸರಿ. ಕೇಂದ್ರ ಮತ್ತು ರಾಜ್ಯಗಳ ಸಂಬಂಧ ಕುರಿತ ಪೂಂಛಿ ಆಯೋಗ 2010ರಲ್ಲೇ ರಾಜ್ಯಪಾಲರಿಗೆ ಆರು ತಿಂಗಳ ಮಿತಿ ಸೂಚಿಸಿತ್ತು. ರಾಷ್ಟ್ರಪತಿಯವರಿಗೆ ಬರುವ ರಾಜ್ಯ ಮಸೂದೆಗಳನ್ನು ಮೂರು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಎಂದು ಕೇಂದ್ರ ಗೃಹ ಸಚಿವಾಲಯವೇ 2016ರಲ್ಲಿ ಸೂಚನೆ ಹೊರಡಿಸಿತ್ತು. ಸಂಖ್ಯೆಗಳು ಇವೆ, ಬಹಳ ವರ್ಷಗಳಿಂದ ಕಾಗದದ ಮೇಲೆ ಇವೆ. ಆದರೆ ರಾಜ್ಯಪಾಲರನ್ನು ನೇಮಿಸುವ ಕೇಂದ್ರಕ್ಕೆ ಆ ತಿದ್ದುಪಡಿ ತರುವ ಅವಸರ ಯಾಕೆ ಬರಬೇಕು? ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಪ್ರಶ್ನೆ ಹಾಗೇ ಇರುತ್ತದೆ.

ಮೂರನೆಯದು ಸದ್ದಿಲ್ಲದೆ ಆಗುವಂಥದ್ದು. ಅಕ್ಷರದ ಓದು ಗಟ್ಟಿಯಾದಷ್ಟೂ ಕಾನೂನು ಬರೆಯುವವರು ಉದ್ದುದ್ದ ಬರೆಯತೊಡಗುತ್ತಾರೆ. ಎಲ್ಲ ಸಂದಿ ಮುಚ್ಚಲು ಇನ್ನಷ್ಟು ಷರತ್ತು, ಇನ್ನಷ್ಟು ವಿವರಣೆ. ಕೊನೆಗೆ ಕಾನೂನು ಓದಿ ಅರ್ಥ ಮಾಡಿಕೊಳ್ಳುವುದು ಜನಸಾಮಾನ್ಯರಿಗೆ ಸಾಧ್ಯವೇ ಆಗದ ಸ್ಥಿತಿ ಬರಬಹುದು. ಓದಿದರೆ ಗೊತ್ತಾಗಬೇಕು ಎಂಬುದೇ ಅಕ್ಷರದ ಪರವಾದ ದೊಡ್ಡ ವಾದವಾಗಿತ್ತು.

ಇಷ್ಟರ ನಡುವೆ ರಾಜ್ಯ ಸರ್ಕಾರಗಳ ಕಾನೂನು ಇಲಾಖೆಗಳು ಈಗಲೇ ಮಾಡಬಹುದಾದ ಕೆಲಸವೊಂದಿದೆ: ತಾರೀಖುಗಳನ್ನು ಜೋಡಿಸಿಡುವುದು. ಮಸೂದೆ ಸದನದಲ್ಲಿ ಒಪ್ಪಿಗೆಯಾದ ದಿನ, ರಾಜಭವನ ತಲುಪಿದ ದಿನ, ವಿವರಣೆ ಕೇಳಿ ಪತ್ರ ಬಂದ ದಿನ, ಉತ್ತರ ಹೋದ ದಿನ. ಮುಂದಿನ ಅರ್ಜಿಯ ಮೊದಲ ಪುಟದಲ್ಲಿ ಇರುವುದು ಈ ಪಟ್ಟಿಯೇ. ಅದನ್ನು ನೋಡಿ ಯಾವುದೋ ಒಂದು ಪೀಠ ‘ಇದು ದೀರ್ಘ ವಿಳಂಬ’ ಎಂದ ದಿನ, ಅಷ್ಟು ದಿನಗಳ ಲೆಕ್ಕವೇ ಮುಂದಿನ ರಾಜ್ಯದ ಅರ್ಜಿಯಲ್ಲಿ ಅಳತೆಯಾಗಿ ಬಂದು ಕೂರುತ್ತದೆ.